ಮೊಟ್ಟೆ ಇಲ್ಲದ ಮನೆಯಲ್ಲಿ ಮೊಟ್ಟೆ ವಾಸನೆ

ನಮ್ಮತ್ತೆ ನನ್ನ ಜುಮಕಿ ತೊಳೆದುಕೊಟ್ಟರು. ಇಷ್ಟೇ ವಿಷಯ. ಕೇಳಿದವರೆಲ್ಲ ‘ಎಂಥಾ ಒಳ್ಳೇ ಅತ್ತೆ ಕಣೇ’ ಅನ್ನುತ್ತಾರೆ. ನಾನೂ ಒಪ್ಪುತ್ತೇನೆ. ಒಪ್ಪಿಕೊಂಡೇ ಅವತ್ತು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಅತ್ತು ಬಂದೆ.

ಅದು ಆಕ್ಸಿಡೈಸ್ಡ್ ಬೆಳ್ಳಿ ಜುಮಕಿ. ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ತಗೊಂಡಿದ್ದು, 3,200 ರೂಪಾಯಿ. ಹಿಂದೆ ಚಿಕ್ಕದಾಗಿ 925 ಅಂತ ಒತ್ತಿತ್ತು. ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಮಿಕ್ಕಿದ್ದು ಸಾಮಾನ್ಯವಾಗಿ ತಾಮ್ರ. ಭೂತಗನ್ನಡಿ ಹಿಡಿದು ನೋಡಿಯೇ ದುಡ್ಡು ಕೊಟ್ಟಿದ್ದೆ, ಯಾಕೆಂದರೆ ಅದಕ್ಕೂ ಮುಂಚೆ ಒಂದು ಸಲ ‘ಜರ್ಮನ್ ಸಿಲ್ವರ್’ ಅಂತ ಕುಣಿದಾಡಿಕೊಂಡು ಒಂದು ಸರ ತಂದು, ಮನೆಗೆ ಬಂದ ಮೇಲೆ ನೆನಪಾಗಿತ್ತು, ಅದರಲ್ಲಿರೋದು ತಾಮ್ರ, ನಿಕ್ಕಲ್, ಸತು, ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ ಅಂತ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಗಬೇಡಿ.

ಜುಮಕಿಯಲ್ಲಿ ಎದುರು ಬದುರು ಎರಡು ನವಿಲು. ಒಂದೊಂದು ಗರಿಯ ಗೆರೆಯಲ್ಲೂ ಕಾಡಿಗೆ ತೀಡಿದ ಹಾಗೆ ಕಪ್ಪು. ಇಂಥ ಒಡವೆಯನ್ನು ಗಂಧಕ ಇರುವ ದ್ರಾವಣದಲ್ಲಿ ಅದ್ದಿ ಬೇಕಂತಲೇ ಕಪ್ಪು ಮಾಡುತ್ತಾರೆ. ಆಮೇಲೆ ಉಬ್ಬಿದ ಕಡೆ ಮಾತ್ರ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಗೆರೆಯೊಳಗೆ ಕಪ್ಪು ಉಳಿಯುತ್ತೆ, ಚಿತ್ತಾರ ಎದ್ದು ಕಾಣುತ್ತೆ. ನಾನು ದುಡ್ಡು ಕೊಟ್ಟಿದ್ದೇ ಆ ಕಪ್ಪಿಗೆ.

ಪಾಪ, ಅತ್ತೆಗೆ ಇದೆಲ್ಲ ಹೇಗೆ ಗೊತ್ತಾಗಬೇಕು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಕನ್ನಡಿ ಮುಂದೆ ಮಸಿ ಹಿಡಿದ ಓಲೆ ಬಿದ್ದಿರೋದು ಅವರ ಕಣ್ಣಿಗೆ ಬಿತ್ತು. ಹುಣಸೆಹಣ್ಣು ನೆನೆಸಿದರು, ವಿಭೂತಿ ಗಟ್ಟಿ ಪುಡಿ ಮಾಡಿದರು, ಮಾವನವರ ಹಳೇ ಬ್ರಷ್ ಹಿಡಿದು ಟಿವಿ ಮುಂದೆ ಕೂತರು. ಎರಡು ಸೀರಿಯಲ್ ಮುಗಿಯೋವರೆಗೆ ಉಜ್ಜಿದ್ದಾರೆ. ಬ್ರಷ್ ಹೋಗದ ಕಡೆ ಸೇಫ್ಟಿ ಪಿನ್ ಹಾಕಿ ಕೆರೆದಿದ್ದಾರೆ.

ನಾನು ಸ್ಕೂಲಿಂದ ಬಂದು ಕೊಡೆ ಮಡಿಸುವ ಮೊದಲೇ ಅಂಗೈ ಚಾಚಿದರು.

“ಎಷ್ಟು ಕೊಳೆ ಕಟ್ಟಿಸಿಕೊಂಡಿದ್ದೆ ಮಗಾ! ನೀರೆಲ್ಲ ಮಸಿ ಆಯ್ತು. ಸ್ಕೂಲು ಸ್ಕೂಲು ಅಂತ ನಿನಗೂ ಟೈಮೆಲ್ಲಿ ಸಿಗುತ್ತೆ ಬಿಡು.”

ಅಂಗೈಯಲ್ಲಿ ಹೊಸ ಸ್ಟೀಲ್ ಲೋಟದಂಥ ಹೊಳಪು. ನವಿಲು ಹಾರಿಹೋಗಿ, ಪುಕ್ಕ ಕಿತ್ತ ಎರಡು ಕೋಳಿ ಕೂತಿದ್ದವು. “ತುಂಬಾ ಚೆನ್ನಾಗಿದೆ ಅತ್ತೆ” ಅಂದೆ. ಬಚ್ಚಲುಮನೆಗೆ ಹೋದೆ.

ಮಾರನೇ ದಿನ ಮಾವನವರು ಪೂಜೆಗೆ ಕೂತರೆ ವಿಭೂತಿ ಇಲ್ಲ. ಮನೆಯಲ್ಲಿದ್ದ ಒಂದೇ ಗಟ್ಟಿ ನನ್ನ ಕಿವಿಗೆ ಖರ್ಚಾಗಿತ್ತು. ಬೋಳು ಹಣೆಯಲ್ಲೇ ರತ್ನಗಿರಿ ಬೋರೆಗೆ ವಾಕಿಂಗ್ ಹೋದವರನ್ನು ದಾರಿಯುದ್ದಕ್ಕೂ ಜನ ‘ಯಾಕೆ ಸಾರ್, ಮೈ ಹುಷಾರಿಲ್ವಾ’ ಅಂತ ಕೇಳಿದರಂತೆ.

ವಿಭೂತಿಯ ಬಗ್ಗೆ ನನಗೇನೂ ತಕರಾರಿಲ್ಲ. ನುಣ್ಣಗಿರುತ್ತೆ, ಬೆಳ್ಳಿಗೆ ಗೀರು ಬೀಳೋದು ಕಮ್ಮಿ. ವಾಟ್ಸಾಪಿನಲ್ಲಿ ವಾರಕ್ಕೊಮ್ಮೆ ಯಾರಾದರೂ ಕಳಿಸುತ್ತಾರಲ್ಲ, ಟೂತ್‌ಪೇಸ್ಟಲ್ಲಿ ಉಜ್ಜಿ ಅಂತ, ಅದನ್ನು ಮಾತ್ರ ಮಾಡಬೇಡಿ. ನನ್ನ ಒಂದು ಕಾಲುಂಗುರ ಆ ಪ್ರಯೋಗಕ್ಕೆ ಸಿಕ್ಕಿ, ಈಗ ಬಿಸಿಲಿಗೆ ಹಿಡಿದರೆ ಬೆಕ್ಕು ಪರಚಿದ ಹಾಗೆ ಕಾಣುತ್ತೆ.

ಇರಲಿ. ಜುಮಕಿ ಉಜ್ಜಿ ಉಜ್ಜಿ ಅತ್ತೆಗೆ ಮೊಣಕೈ ಹಿಡಿದುಕೊಂಡಿತ್ತು. ಅಸಲು ಕೆಲಸ ಇನ್ನೂ ಬಾಕಿ. ಬೀರುವಿನ ಮೇಲಿನ ಅರೆಯಿಂದ ಬೆಳ್ಳಿ ಡಬ್ಬ ಇಳಿಸಿದರೆ ಒಳಗೆಲ್ಲ ಕತ್ತಲೆ. ನಮ್ಮೂರಲ್ಲಿ ಮಳೆಗಾಲ ಅಂದರೆ ಗೊತ್ತಲ್ಲ, ಚಿಕ್ಕಮಗಳೂರಿನಲ್ಲಿ ಆಷಾಢದಲ್ಲಿ ಒಗೆದ ಟವೆಲ್ಲು ಶ್ರಾವಣದಲ್ಲಿ ಒಣಗಿದರೆ ಪುಣ್ಯ, ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು. ಗಾಳಿಯಲ್ಲಿರೋ ಚೂರುಪಾರು ಗಂಧಕದ ಅನಿಲಕ್ಕೆ ಇಂಥ ತೇವ ಸಿಕ್ಕರೆ ಬೆಳ್ಳಿ ಇನ್ನೂ ಬೇಗ ಕಪ್ಪಾಗುತ್ತೆ. ಅದರ ಮೇಲೆ ಅತ್ತೆ ಕುಂಕುಮ ಭರಣಿ ಮುಚ್ಚಳ ಬೀಳದೇ ಇರಲಿ ಅಂತ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಹಾಕಿದ್ದರು. ಅದನ್ನು ಬಿಚ್ಚಿದೆ. ಭರಣಿಯ ಹೊಟ್ಟೆ ಸುತ್ತ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಕಪ್ಪು ಗೆರೆ. ಉಡಿದಾರದ ಹಾಗೆ ಸುತ್ತಿಕೊಂಡಿದೆ! ರಬ್ಬರನ್ನು ಗಟ್ಟಿ ಮಾಡೋದೇ ಗಂಧಕ ಹಾಕಿ. ಅದನ್ನು ತಂದು ಬೆಳ್ಳಿಗೆ ಬಿಗಿದರೆ ಇನ್ನೇನಾಗುತ್ತೆ.

“ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ. ಇದನ್ನೆಲ್ಲ ಉಜ್ಜೋದೇ ಬೇಡ. ಹತ್ತು ನಿಮಿಷದಲ್ಲಿ ಮಾಡಿ ತೋರಿಸ್ತೀನಿ” ಅಂದೆ.

ಈ ಮಾತು ಬಾಯಿಂದ ಬರಬಾರದಿತ್ತು.

ದೊಡ್ಡ ಪಾತ್ರೆಯ ಒಳಗೆಲ್ಲ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಹಾಸಿದೆ. ಕುದಿಯೋ ನೀರು ಸುರಿದೆ. ಅಡುಗೆ ಸೋಡಾ, ಒಂದು ಹಿಡಿ ಉಪ್ಪು. ಬುಸ್ ಅಂತ ನೊರೆ ಎದ್ದಿತು. ಅತ್ತೆಯ ಕಾಲ್ಗೆಜ್ಜೆ, ಭರಣಿ, ಮಕ್ಕಳ ಉಡಿದಾರ, ಹಳೇ ಕಾಲುಂಗುರ, ಎಲ್ಲವೂ ಫಾಯಿಲ್‌ಗೆ ತಾಗಿಕೊಂಡಿರೋ ಹಾಗೆ ಒಂದೊಂದಾಗಿ ಇಳಿಸಿದೆ. ಇಳಿಸುತ್ತಾ ಪಾಠ ಬೇರೆ. ಉಜ್ಜಿದರೆ ಕಪ್ಪಿನ ಜೊತೆ ಸ್ವಲ್ಪ ಬೆಳ್ಳಿಯೂ ಸವೆದುಹೋಗುತ್ತೆ ಅತ್ತೆ, ಇಲ್ಲಿ ಹಾಗಲ್ಲ, ಬೆಳ್ಳಿಗೆ ಅಂಟಿಕೊಂಡಿರೋ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸಿಕೊಳ್ಳುತ್ತೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತೆ. ಅತ್ತೆ ಬಗ್ಗಿ ನೋಡಿದರು. ಭರಣಿಯ ಗೆರೆ ಕಣ್ಣೆದುರೇ ಮಾಸುತ್ತಾ ಬಂತು, ಕೆಳಗೆ ಫಾಯಿಲ್ ಕಪ್ಪಗಾಗುತ್ತಾ ಹೋಯಿತು. “ಅಬ್ಬಾ” ಅಂದರು. ಹತ್ತು ವರ್ಷದ ಸೊಸೆತನದಲ್ಲಿ ನನಗೆ ಸಿಕ್ಕಿದ ಮೊದಲ ಅಬ್ಬಾ ಅದು.

ಅದು ಒಂದು ನಿಮಿಷ ಬಾಳಿತು. ಆಮೇಲೆ ವಾಸನೆ ಶುರುವಾಯಿತು.

ಈ ಕ್ರಿಯೆಯಲ್ಲಿ ಅಷ್ಟಿಷ್ಟು ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತೆ. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಈ ಸಾಲನ್ನು ನಾನು ಎಷ್ಟು ಬ್ಯಾಚ್ ಮಕ್ಕಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ, ಒಂದು ಅಂಕದ ಪ್ರಶ್ನೆಗೂ ಹಾಕಿದ್ದೇನೆ. ನಮ್ಮ ಮನೆ ಹೇಗೆ ಅಂದರೆ, ಬರ್ತ್‌ಡೇ ಕೇಕಿನ ಡಬ್ಬದ ಮೇಲೆ ಹಸಿರು ಚುಕ್ಕಿ ಇದೆಯಾ ಅಂತ ಮಾವನವರು ಎರಡು ಕನ್ನಡಕ ಬದಲಾಯಿಸಿ ನೋಡುತ್ತಾರೆ. ಅಂಥ ಮನೆಯಲ್ಲಿ, ಲಕ್ಷ್ಮಿ ಕೂರಿಸೋ ವಾರದಲ್ಲಿ, ಮಳೆ ಅಂತ ಕಿಟಕಿ ಎಲ್ಲಾ ಹಾಕಿರುವಾಗ.

“ಯಾರೇ ಅದು ಮನೆಯೊಳಗೆ ಮೊಟ್ಟೆ ತಂದಿದ್ದು?” ಅತ್ತೆಯ ದನಿ ಬೀದಿಗೆ ಕೇಳಿಸಿತು.

ಅದೇ ಹೊತ್ತಿಗೆ ಆಫೀಸಿಂದ ಬಂದು ಶೂ ಬಿಚ್ಚುತ್ತಿದ್ದ ನಮ್ಮೆಜಮಾನರು ಬಾಗಿಲಲ್ಲೇ ಬಿಳಿಚಿಕೊಂಡರು. “ಅಯ್ಯೋ, ಮನೆಗೇನೂ ತಂದಿಲ್ಲಮ್ಮ. ಒಂದೇ ಒಂದು ಎಗ್ ಪಫ್ಸ್, ಅದೂ ನಿನ್ನೆ. ಅಲ್ಲೇ ತಿಂದು ಬಾಯಿ ತೊಳ್ಕೊಂಡೇ ಬಂದಿದ್ದು.”

ಕೇಳಿದವರು ಯಾರು, ಹೇಳಿದವರು ಯಾರು! ಮನೆ ಒಂದು ಗಳಿಗೆ ಗಪ್‌ಚುಪ್. ಪಾತ್ರೆಯೊಳಗೆ ಗೆಜ್ಜೆ ಮಾತ್ರ ಗುಳುಗುಳು ಅನ್ನುತ್ತಿತ್ತು.

ಅವರನ್ನು ಉಳಿಸೋಣ ಅಂತ ನಾನು ಬಾಯಿ ಹಾಕಿದೆ. “ಮೊಟ್ಟೆ ಅಲ್ಲ ಅತ್ತೆ, ಅದು ಹೈಡ್ರೋಜನ್ ಸಲ್ಫೈಡ್.”

“ಅದನ್ನಾದರೂ ಯಾಕೆ ತಂದೆ?”

“ತಂದಿಲ್ಲ ಅತ್ತೆ. ಬೆಳ್ಳಿಯಲ್ಲಿದ್ದಿದ್ದೇ ಬಿಡ್ತಾ ಇದೆ.”

“ನಮ್ಮ ಬೆಳ್ಳೀಲಿ? ನನ್ನ ತವರುಮನೆ ಗೆಜ್ಜೇಲಿ?”

ಆಮೇಲೆ ಏನು ಹೇಳಿದರೂ ಉಪಯೋಗವಿರಲಿಲ್ಲ. ಎಲ್ಲವನ್ನೂ ಬಾವಿಕಟ್ಟೆಗೆ ಒಯ್ದು ಅರಿಶಿನ ನೀರಿನಲ್ಲಿ ತೊಳೆದು, ಪಾತ್ರೆಯನ್ನೂ ಮೂರು ಸಲ ಬೆಳಗಿದ್ದಾಯಿತು. ಹತ್ತು ನಿಮಿಷದ ಕೆಲಸ ರಾತ್ರಿ ಒಂಬತ್ತಾಯಿತು. ಎಜಮಾನರಿಗೆ ಊಟ ಬಡಿಸುವಾಗ ಅತ್ತೆ ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಗೆಜ್ಜೆ ಒರೆಸಿ ನೋಡಿದರೆ ಇನ್ನೊಂದು ತಲೆನೋವು. ಕಪ್ಪೇನೋ ಹೋಗಿತ್ತು, ಹೊಳಪಿರಲಿಲ್ಲ. ಸುಣ್ಣ ಬಳಿದ ಹಾಗೆ ಮಂಕು ಬಿಳುಪು. ಜೊತೆಗೆ ಕೊಂಡಿಯ ಮೇಲಿದ್ದ ಹೂವಿನ ಕೆತ್ತನೆ ಕಾಣುತ್ತಲೇ ಇರಲಿಲ್ಲ. ಅತ್ತೆ ಎಷ್ಟೋ ವರ್ಷದಿಂದ ವಿಭೂತಿಯಲ್ಲಿ ಮೇಲೆ ಮೇಲೆ ಉಜ್ಜಿದ್ದಕ್ಕೆ ಉಬ್ಬು ಹೊಳೆದು, ತಗ್ಗಿನಲ್ಲಿ ಕಪ್ಪು ನಿಂತು, ಎಸಳು ಎಸಳಾಗಿ ಕಾಣುತ್ತಿತ್ತು. ನನ್ನ ನೀರು ತಗ್ಗಿಗೂ ಇಳಿದಿತ್ತು. ಅವರು ನನ್ನ ನವಿಲಿಗೆ ಮಾಡಿದ್ದನ್ನೇ ನಾನು ಅವರ ಹೂವಿಗೆ ಮಾಡಿದ್ದೆ. “ಎಸಳೆಲ್ಲ ಎಲ್ಲಿ ಹೋಯ್ತೇ?” ಅಂತ ಅತ್ತೆ ಕೇಳಿದಾಗ, ‘ನನ್ನ ನವಿಲು ಹೋದ ಕಡೆಗೇ’ ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಬುಧವಾರ ಅರ್ಧ ದಿನ ರಜೆ ಹಾಕಿ, ಅತ್ತೆಯನ್ನು ಕರೆದುಕೊಂಡು ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿರೋ ಆಚಾರ್ರ ಅಂಗಡಿಗೆ ಹೋದೆ. ಚಾಪೆ ಹಾಸುವಷ್ಟು ಜಾಗ, ಒಂದು ಬಲ್ಬು. ಅವರು ಮೊದಲು ಮಾಡಿದ ಕೆಲಸ ತೂಕ. ಗೆಜ್ಜೆ 186 ಗ್ರಾಂ ಬಂತು. ಚೀಟಿಯಲ್ಲಿ ಬರೆದು ನಮಗೆ ಕೊಟ್ಟರು. ಅತ್ತೆ ಅದನ್ನು ಪರ್ಸಿನ ಒಳಜೇಬಿಗೆ ಸೇರಿಸಿದರು. ಹಗುರಾದ ಚೀಟಿಯನ್ನೇ ಗೆಜ್ಜೆಗಿಂತ ಭದ್ರವಾಗಿಟ್ಟುಕೊಂಡಿದ್ದು ಅವರು.

“ಬಿಸಿನೀರಿಗೆ ಹಾಕಿದ್ರಾ?” ಗೆಜ್ಜೆ ತಿರುಗಿಸುತ್ತಲೇ ಆಚಾರ್ರು ಕೇಳಿದರು. “ಅರಗು ತುಂಬಿದ ಕಡಗ ಏನಾದ್ರೂ ಇತ್ತಾ ಅದರಲ್ಲಿ?”

ಇರಲಿಲ್ಲ, ದೇವರು ದೊಡ್ಡವನು. ಕಡಗ ಪಾತ್ರೆಯಲ್ಲಿ ಹಿಡಿಸಿರಲಿಲ್ಲ, ಅಷ್ಟೇ. ಒಳಗೆ ಟೊಳ್ಳಿರೋ ಹಳೇ ಕಡಗಕ್ಕೆ ಅರಗು ತುಂಬಿರುತ್ತಾರೆ. ಕುದಿಯೋ ನೀರಿಗೆ ಬಿದ್ದರೆ ಅದು ಮೆತ್ತಗಾಗಿ ಆಚೆ ಬರುತ್ತೆ, ಆಮೇಲೆ ಬೆರಳಲ್ಲಿ ಒತ್ತಿದರೂ ಕಡಗ ತಗ್ಗಾಗುತ್ತೆ. ಮುತ್ತು, ಅಂಟಿಸಿದ ಕಲ್ಲು ಇರೋದನ್ನೂ ಇಳಿಸಬಾರದು. ಆಚಾರ್ರು ಇದನ್ನೆಲ್ಲ ನನಗೆ ಹೇಳುತ್ತಿದ್ದರೆ ಅತ್ತೆ ಪಕ್ಕದಲ್ಲಿ “ಇವಳು ಸೈನ್ಸ್ ಟೀಚರ್” ಅಂದರು. ಯಾಕೆ ಅಂದರೋ.

ಅಂಟುವಾಳದ ನೀರು, ಹಿತ್ತಾಳೆ ತಂತಿಯ ಬ್ರಷ್ಷು. ಆಚಾರ್ರ ಕೈ ನಿಧಾನ. ಗೆಜ್ಜೆಯ ಒಂದೊಂದು ಮಣಿಯ ಸಂದಿನಿಂದಲೂ ಅರಿಶಿನ, ಸೋಪು, ಹಳೇ ವಿಭೂತಿ ಎಲ್ಲಾ ಸೇರಿದ ಬೂದು ಮಣ್ಣು ಇಳಿಯಿತು. ಆಮೇಲೆ ಮೆಷಿನ್ ಪಾಲಿಶ್. ಎಸಳಿನ ತಗ್ಗಿಗೆ ಎಂಥದೋ ಕಪ್ಪು ಮದ್ದನ್ನು ಕಡ್ಡಿಯಲ್ಲಿ ಮುಟ್ಟಿಸಿ ಒರೆಸಿದರು, ಹೂವು ವಾಪಸ್ ಅರಳಿತು. ತೂಕಕ್ಕೆ ಹಾಕಿದರೆ 185. ಅತ್ತೆ ಚೀಟಿ ತೆಗೆದರು.

“ಒಂದು ಗ್ರಾಂ ಎಲ್ಲಿ?”

“ಅಮ್ಮಾ, ಪಾಲಿಶ್‌ನಲ್ಲಿ ಚೂರು ಹೋಗುತ್ತೆ. ಮಿಕ್ಕಿದ್ದು ಆ ಬಟ್ಟಲಲ್ಲಿದೆ ನೋಡಿ, ನಿಮ್ಮದೇ ಕೊಳೆ. ಬೇಕಾದ್ರೆ ಕಟ್ಟಿಕೊಡ್ತೀನಿ.”

ಅತ್ತೆ ನಕ್ಕುಬಿಟ್ಟರು. ಸೋಮವಾರದಿಂದ ಆಚೆಗೆ ಮೊದಲ ನಗು. ಆ ಧೈರ್ಯದಲ್ಲಿ ನಾನು ಜುಮಕಿ ಆಚೆ ತೆಗೆದೆ. ಇದಕ್ಕೂ ಕಪ್ಪು ಹಾಕಿಕೊಡಿ ಅಂದೆ. ಹಬ್ಬದ ಕೆಲಸ ತಲೆತನಕ ಇದೆ, ಹದಿನೈದು ದಿನ ಆಗುತ್ತೆ ಅಂದರು ಆಚಾರ್ರು. ಆಮೇಲೆ ಧ್ವನಿಯಲ್ಲಿ ಏನೂ ಬದಲಾವಣೆ ಇಲ್ಲದೆ, “ಇಷ್ಟಕ್ಕೆ ಯಾಕೆ ದುಡ್ಡು ಕೊಡ್ತೀರಿ ಮೇಡಂ. ಒಂದು ಬೇಯಿಸಿದ ಮೊಟ್ಟೆ ಸಾಕು” ಅಂದರು.

ನಾನು ಅತ್ತೆಯ ಕಡೆ ತಿರುಗಲಿಲ್ಲ. ಅತ್ತೆ ಎದುರು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

ಹಬ್ಬ ಚೆನ್ನಾಗೇ ಆಯಿತು. ಭರಣಿಗೆ ರಬ್ಬರ್ ಬ್ಯಾಂಡ್ ಬದಲು ಹತ್ತಿ ಬಟ್ಟೆ ಸುತ್ತಿ, ಜಿಪ್ ಕವರಿಗೆ ಹಾಕಿ, ತೇವ ಎಳೆದುಕೊಳ್ಳಲಿ ಅಂತ ಸ್ಕೂಲಿನ ಎರಡು ಚಾಕ್‌ಪೀಸ್ ಇಟ್ಟಿದ್ದೇನೆ. ‘ಸರ್ಕಾರದ ಚಾಕ್‌ಪೀಸು’ ಅಂತ ಮಾವನವರ ಆಕ್ಷೇಪಣೆ ಇದೆ.

ಮುಂದಿನ ಭಾನುವಾರ ನಮ್ಮ ಸ್ಕೂಲಿನ ಇಂಗ್ಲಿಷ್ ಟೀಚರ್ ಮನೆಗೆ ಹೋದೆ. ಅವರ ಮನೆಯಲ್ಲಿ ಮೊಟ್ಟೆಗೆ ಪಾಸ್‌ಪೋರ್ಟ್ ಬೇಕಿಲ್ಲ. ಚೆನ್ನಾಗಿ ಬೇಯಿಸಿ, ಬಿಸಿ ಇರುವಾಗಲೇ ಕಿವುಚಿ, ಜಿಪ್ ಕವರಿನ ಒಂದು ಮೂಲೆಗೆ ಮೊಟ್ಟೆ, ಇನ್ನೊಂದು ಮೂಲೆಗೆ ಜುಮಕಿ. ಒಂದಕ್ಕೊಂದು ತಾಗಬೇಕಿಲ್ಲ. ನಮ್ಮ ಅಡುಗೆಮನೆಯಿಂದ ಓಡಿಸಿದ ಅದೇ ಅನಿಲ ಇಲ್ಲಿ ಕವರಿನೊಳಗೆ ಕೂತು ಕೆಲಸ ಮಾಡುತ್ತೆ. ಕಾಫಿ ಕುಡಿದು, ಎಚ್ಚೆಮ್ಮನ್ನು ಬೈದು, ಮತ್ತೊಂದು ಕಾಫಿ ಕುಡಿಯುವಷ್ಟರಲ್ಲಿ ಜುಮಕಿ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಅವರ ಯುಕೆಜಿ ಮಗ ಪಕ್ಕದಲ್ಲೇ ಕೂತು ನೋಡುತ್ತಿದ್ದ. “ಆಂಟಿ, ಓಲೆಗೆ ಇನ್ನೂ ಹೊಟ್ಟೆ ತುಂಬಿಲ್ವಾ?” ಅಂತ ಕೇಳಿದ. ಉಬ್ಬಿನ ಮೇಲೆ ಮಾತ್ರ ಒಂಚೂರು ವಿಭೂತಿ ಹಾಕಿ ಬಟ್ಟೆಯಲ್ಲಿ ಒರೆಸಿದೆ. ನವಿಲು ಬಂದು ಕೂತವು.

ಮನೆಗೆ ಬಂದು ಕಿವಿಗೆ ಹಾಕಿಕೊಂಡೇ ಓಡಾಡಿದೆ. ಅತ್ತೆ ನೋಡಿದರು. ಹತ್ತಿರ ಬಂದು ಒಂದು ಸಲ ಮೂಸಿದರು. “ದೇವರ ಸಾಮಾನಿನ ಜೊತೆ ಇಡಬೇಡ, ನಿನ್ನ ಬಟ್ಟೆ ಅರೇಲಿ ಇಟ್ಕೋ” ಅಂದರು. ಅಷ್ಟೇ.

ಹೋದ ತಿಂಗಳು ಕಡೂರಿನಲ್ಲಿ ಒಂದು ಮದುವೆ. ಛತ್ರದ ರೂಮಿನಲ್ಲಿ ನೆಂಟರ ಹೆಂಗಸರೆಲ್ಲ ತಯಾರಾಗುತ್ತಿದ್ದಾಗ ಅತ್ತೆ ಅತ್ತ ಕಡೆಯಿಂದ ಕೂಗಿದರು, “ಬರೀ ಕಿವೀಲಿ ಕೂತಿದ್ದೀಯಲ್ಲೇ, ನಿನ್ನ ಮೊಟ್ಟೆ ಓಲೆ ಹಾಕ್ಕೋ. ಆ ಸೀರೆಗೆ ಚೆನ್ನಾಗಿ ಒಪ್ಪುತ್ತೆ.”

ಚಿಕ್ಕತ್ತೆ ನನ್ನ ಕೈಯಿಂದ ಜುಮಕಿ ಇಸ್ಕೊಂಡು ಬೆಳಕಿಗೆ ಹಿಡಿದರು. ತಲೆಕೆಳಗು ಮಾಡಿದರು, ಒಳಗೆ ಇಣುಕಿದರು, ಪಕ್ಕದವರಿಗೆ ದಾಟಿಸಿದರು. ಅವರೂ ತಿರುಗಿಸಿ ತಿರುಗಿಸಿ ನೋಡಿ, “ನವಿಲೇನೋ ಇದೆ, ಇದರಲ್ಲಿ ಮೊಟ್ಟೆ ಎಲ್ಲಿದೆಯೇ?” ಅಂತ ನನ್ನನ್ನೇ ಕೇಳಿದರು.