ಸತ್ರೆ ಮೊದಲಿಂದ

ನಿನ್ನೆ ಅಕ್ಕನ ಮಗ ನನ್ನ ಹಳೇ ವಿಡಿಯೋ ಗೇಮ್ ಮಾರಿಯೋಗೆ ‘ಹುಚ್ಚ ಗೇಮ್’ ಅಂದ. ಹನ್ನೆರಡು ವರ್ಷದ ಪೋರ. ಬೇರೆ ಏನಾದರೂ ಅಂದಿದ್ದರೆ ಸುಮ್ನಿರುತ್ತಿದ್ದೆ. ಇದಕ್ಕೆ ಆಗಲಿಲ್ಲ. ಉದ್ದ ಆಗುತ್ತದೆ, ಬೇಡವಾದವರು ಮುಂದೆ ಹೋಗಿ.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕಿನಲ್ಲಿ ನನ್ನ ಹಳೇ ಟಿವಿ ಗೇಮ್ ಸಿಕ್ಕಿತು. ಆರನೇ ಕ್ಲಾಸ್ ಪಾಸಾದಾಗ ಅಪ್ಪ ಗಾಂಧಿ ಚೌಕಿಗೆ ಕರೆದುಕೊಂಡು ಹೋಗಿ ಕೊಡಿಸಿದ್ದು. ಕ್ಯಾಸೆಟ್ ಮೇಲೆ ‘9999999 ಇನ್ 1’ ಅಂತ ಬರೆದಿದೆ. ಒಳಗೆ ಇರೋದು ಹತ್ತೋ ಹನ್ನೆರಡೋ ಗೇಮು, ಅವೇ ತಿರುಗಿ ತಿರುಗಿ ಬರುತ್ತವೆ. ಊದಿ ಹಾಕಿದೆ. ಬಂತು! (ಊದಬಾರದಂತೆ, ಬಾಯಿಯ ತೇವಕ್ಕೆ ಪಿನ್ನು ಹಾಳಾಗುತ್ತವಂತೆ. ತೆಗೆದು ಮತ್ತೆ ಹಾಕಿದ್ದಕ್ಕೇ ಅದು ಶುರುವಾಗುತ್ತಿತ್ತಂತೆ. ಇರಲಿ, ನಾನು ಊದುವವನೇ.)

ಹುಡುಗ ಮೊದಲನೇ ಅಣಬೆಗೇ ಬಡಿದು ಸತ್ತ. ಆಮೇಲೆ ಗುಂಡಿಗೆ ಬಿದ್ದ. ಮೂರನೇ ಸಲ ಆಮೆ. ಗೇಮ್ ಓವರ್.

“ಮಾಮಾ, ಆ್ಯಡ್ ನೋಡಿದ್ರ ಮತ್ತೊಂದ್ ಲೈಫ್ ಬರೂದಿಲ್ಲೇನ್ರಿ?”

“ಇಲ್ಲ.”

“ಸೇವ್ ಎಲ್ಲೈತಿ?”

“ಇಲ್ಲಪಾ. ಸತ್ರ ಮೊದಲಿಂದ.”

“ಇದೆಂಥಾ ಹುಚ್ಚ ಗೇಮ್ರಿ!”

ಬಾತುಕೋಳಿ ಹೊಡೆಯುವ ಗನ್ ಕೊಟ್ಟೆ. ಒಂದೂ ಬೀಳಲಿಲ್ಲ. ಅದು ಅವನ ತಪ್ಪಲ್ಲ. ಗನ್ನಿನ ಟ್ರಿಗರ್ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿ ಇದ್ದಲ್ಲಿ ಬಿಳಿ ಚೌಕ ಮಿನುಗುತ್ತದೆ. ಗನ್ನಿನ ಕಣ್ಣಿಗೆ ಆ ಬೆಳಕು ಕಂಡರೆ ಹಕ್ಕಿ ಬಿತ್ತು. ಹಳೇ ಡಬ್ಬಾ ಟಿವಿಯಲ್ಲಿ ಅದು ತಕ್ಷಣ ಮೂಡುತ್ತಿತ್ತು. ಈಗಿನ ತೆಳ್ಳನೆ ಟಿವಿ ಚಿತ್ರ ಮೂಡಿಸೋಕೆ ಸ್ವಲ್ಪ ತಡ ಮಾಡುತ್ತದೆ, ಗನ್ನಿಗೆ ಏನೂ ಕಾಣಲ್ಲ. ಇಷ್ಟೆಲ್ಲ ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಂಡು, “ಮತ್ತ ಅಪ್‌ಡೇಟ್ ಹಾಕ್ರಿ” ಅಂದ.

ಮಾರಿಯೋ ಬಂದದ್ದು 1985ರಲ್ಲಿ. ಎಂಟು ಲೋಕ, 32 ಹಂತ, ಎಲ್ಲ ಸೇರಿ 40 ಕೆಬಿ. ನೀವು ದಿನಾ ಬೆಳಿಗ್ಗೆ ವಾಟ್ಸಾಪಿಗೆ ಕಳಿಸುವ ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ, ಗೊತ್ತಿರಲಿ. ಆ 40 ಕೆಬಿಯಲ್ಲಿ ನಾವು ಮೂರು ಬೇಸಿಗೆ ಕಳೆದೆವು. ಅದೂ ವಿಜಯಪುರದ ಬೇಸಿಗೆ, ಲೋಡ್ ಶೆಡ್ಡಿಂಗಿನ ಕಾಲ. ಏಳನೇ ಲೋಕದಲ್ಲಿ ಸೇತುವೆ ಮೇಲೆ ಡ್ರ್ಯಾಗನ್ ಎದುರು ನಿಂತಾಗ ಫ್ಯಾನ್ ನಿಧಾನ ಆಗುತ್ತಿತ್ತು. ಆ ಸಪ್ಪಳ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಮಾಡುತ್ತದೆ. ಕರೆಂಟ್ ಬಂದ ಮೇಲೆ? ಮೊದಲಿಂದ.

ಕಾಂಟ್ರಾ ಅಂತ ಗುಂಡು ಹಾರಿಸುವ ಇನ್ನೊಂದು ಗೇಮು, ಅದರಲ್ಲಿ ಮೂರೇ ಜೀವ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ, ಬಿ, ಎ ಒತ್ತಿದರೆ 30. ಅದನ್ನು ನಮ್ಮ ಓಣಿಯ ದೊಡ್ಡ ಹುಡುಗ ಒಂದು ಐಸ್‌ಕ್ಯಾಂಡಿಗೆ ಮಾರಿದ. ನಾನು ಇನ್ನಿಬ್ಬರಿಗೆ ಮಾರಿ ಅಸಲು ತೆಗೆದೆ.

ಈಗಿನ ಗೇಮಿಗೆ ನೀನು ಸೋಲೋದು ಬೇಕಾಗಿಲ್ಲ. ನೀನು ಹೋಗಬಾರದು, ಅಷ್ಟೇ. ಬಂದಿದ್ದಕ್ಕೆ ನಾಣ್ಯ, ನಾಳೆಯೂ ಬಂದರೆ ಜಾಸ್ತಿ ನಾಣ್ಯ, ಒಂದಿನ ಬರದಿದ್ದರೆ “ನಿಮ್ಮನ್ನು ನೆನೆಸಿಕೊಂಡೆವು” ಅಂತ ಮೆಸೇಜು. ನನ್ನ ಖಾಸಾ ಬೀಗರೂ ಇಷ್ಟು ಉಪಚಾರ ಮಾಡಿಲ್ಲ.

ಬಾಗಲಕೋಟೆಯ ಗೆಳೆಯನ ವಾದ ಬೇರೆ. “ಹಳೇ ಗೇಮು ಕಷ್ಟ ಇದ್ದದ್ದೂ ರೊಕ್ಕಕ್ಕೇ ಬಿಡೋ. ಬೇಗ ಸತ್ರ ಮತ್ತೊಂದು ನಾಣ್ಯ ಹಾಕ್ತಾರ ಅಂತ” ಅನ್ನುತ್ತಾನೆ. ನಿಜ. ಕಾಂಟ್ರಾ 1987ರಲ್ಲಿ ಮೊದಲು ಬಂದದ್ದೇ ನಾಣ್ಯ ಹಾಕುವ ಪೆಟ್ಟಿಗೆಯಲ್ಲಿ. ಆದರೆ ಆ ಪೆಟ್ಟಿಗೆ ರೊಕ್ಕ ತಿಂದು ಮನೆಗೆ ನಡಿ ಅನ್ನುತ್ತಿತ್ತು. ಮಲಗಿದವನ ತಲೆದಿಂಬಿನ ಕೆಳಗೆ ಗುಂಯ್ ಅನ್ನುತ್ತಿರಲಿಲ್ಲ. ಕಷ್ಟದ ಗೇಮು ಈಗಲೂ ಇವೆ, 2022ರ ಎಲ್ಡನ್ ರಿಂಗ್ ನೋಡು ಅಂತಲೂ ಅಂದ. ನಮ್ಮ ಹುಡುಗನೂ ಅದನ್ನು ನೋಡುತ್ತಾನೆ, ಯೂಟ್ಯೂಬಿನಲ್ಲಿ. ಬೇರೆಯವರು ಸಾಯ್ತಾರೆ, ಇವನು ಚುರುಮುರಿ ತಿಂತಾನೆ.

ಒಂದು ಮಾತು ಒಪ್ಪಿಕೊಳ್ಳಬೇಕು. 2018ರಲ್ಲಿ ಪಬ್‌ಜಿ ಮೊಬೈಲ್ ಬಂದಾಗ ಎರಡನೇ ಮ್ಯಾಚಿಗೇ ಗೆದ್ದೆ ಅಂತ ಇಲ್ಲೇ ಸ್ಕ್ರೀನ್‌ಶಾಟ್ ಹಾಕಿ ಮೆರೆದಿದ್ದೆ. ನೂರು ಜನರಲ್ಲಿ ನಾನೊಬ್ಬನೇ ಉಳಿದೆ ಅಂತ. ನೀವೆಲ್ಲ ಲೈಕ್ ಕೊಟ್ಟಿದ್ದಿರಿ. ಹೊಸಬರ ಮ್ಯಾಚಿಗೆ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ನಕಲಿ ಆಟಗಾರರನ್ನು, ತುಂಬಿರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಾನು ಹೊಡೆದದ್ದರಲ್ಲಿ ಮನುಷ್ಯರು ಎಷ್ಟೋ, ದೇವರಿಗೇ ಗೊತ್ತು. ಆ ಪೋಸ್ಟ್ ಇನ್ನೂ ಡಿಲೀಟ್ ಮಾಡಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿಯನ್ನು ಬ್ಯಾನ್ ಮಾಡಿದಾಗ ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ನೀರು ಕುಡಿಯೋಕೆ ಎದ್ದೆ. ಟಿವಿ ಆಫ್ ಇತ್ತು. ಗೇಮಿನ ಅಡಾಪ್ಟರ್ ಮುಟ್ಟಿದೆ, ಬಿಸಿ. ಟಿವಿ ಹಾಕಿ ನೋಡಿದರೆ ಮಾರಿಯೋ ಎರಡನೇ ಲೋಕದ ಸೇತುವೆ ಮೇಲೆ ಗಾಳಿಯಲ್ಲೇ ನಿಂತಿದ್ದಾನೆ. ಪಾಜ್ ಒತ್ತಿ, ಗೇಮ್ ಆಫ್ ಮಾಡದೆ ಮಲಗಿದ್ದಾನೆ ಹುಚ್ಚ ಗೇಮಿನ ಹುಡುಗ.

ಹತ್ತು ಗಂಟೆಗೆ ಕರೆಂಟ್ ಹೋಗುತ್ತದೆ ಅಂತ ಮೆಸೇಜ್ ಬಂದಿದೆ. ಅವನಿಗೆ ಹೇಳಿಲ್ಲ.