ಜರ್ಮನ್ ಐತ್ರಿ ಇದು

ಗುಜರಿ ಹುಡುಗ ಅದನ್ನು ಒಂದೇ ಕೈಯಲ್ಲಿ ಎತ್ತಿ, ಬೆರಳಿನಿಂದ ಎರಡು ಸಲ ಬಡಿದು, "ಜರ್ಮನ್ ಐತ್ರಿ ಇದು" ಅಂದ. ನನಗೆ ಮೈ ಜುಮ್ಮೆಂದಿತು. ಕೊಪ್ಪಳದ ಓಣಿಯಲ್ಲಿ ತಳ್ಳುಗಾಡಿ ದೂಡುವ ಹುಡುಗನಿಗೆ ನನ್ನ ಮರ ಕೊಯ್ಯುವ ಮಷಿನ್ನಿನ ಕುಲಗೋತ್ರ ಗೊತ್ತಿದೆಯಲ್ಲ! "ಹೌದಪ್ಪ, ಸ್ಟುಟ್‌ಗಾರ್ಟ್ ಅಂತ ಊರು. ಆಂಡ್ರಿಯಾಸ್ ಸ್ಟಿಲ್ ಅನ್ನೋರು 1926ರಲ್ಲಿ ಶುರು ಮಾಡಿದ ಕಂಪನಿ" ಅಂತ ಹೇಳತೊಡಗಿದೆ. ಅವನು ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಕಬ್ಬಿಣದ ರೇಟ್ ಬ್ಯಾರೆ, ಜರ್ಮನ್ ರೇಟ್ ಬ್ಯಾರೆ ರೀ" ಅಂದ.

ಆಗ ತಲೆಗೆ ಹೋಯಿತು. ನಮ್ಮ ಕಡೆ ಜರ್ಮನ್ ಅಂದರೆ ಅಲ್ಯೂಮಿನಿಯಂ. ಜರ್ಮನ್ ಬೋಗುಣಿ, ಜರ್ಮನ್ ತಟ್ಟೆ. ಈ ಹಳೇ ಮಷಿನ್ನುಗಳ ಮೈಯಲ್ಲಿ ಇರೋದು ಹೆಚ್ಚಾಗಿ ಮೆಗ್ನೀಸಿಯಂ, ಅದನ್ನೂ ಹೇಳೋಣ ಅಂತ ಬಾಯಿತನಕ ಬಂತು. ರೇಟು ಇನ್ನೂ ಇಳಿಸಿಯಾನು ಅಂತ ಸುಮ್ಮನಾದೆ. "ಕೊಡೋದಿಲ್ಲ, ಹೋಗು" ಅಂದೆ.

ಅವನನ್ನು ಕರೆಸಿದವಳು ನನ್ನ ಹೆಂಡತಿ. ಬಾಗಿಲಲ್ಲೇ ನಿಂತಿದ್ದಳು. "ಹದಿನೈದು ವರ್ಷದಿಂದ ಹಿತ್ತಲಾಗ ಬಿದ್ದೈತಿ, ಏನ್ ಮಾಡ್ತೀರಿ ಇಟ್ಕೊಂಡು?" ದೊಡ್ಡಪ್ಪನ ನೆನಪು ಅನ್ನಬಹುದಿತ್ತು. ಹೊಸಪೇಟೆಯ ಸಾಮಿಲ್ ಒಂದರಲ್ಲಿ ಅವರು ಹಳೇದಾಗಿಯೇ ಕೊಂಡು ತಂದದ್ದು ಅನ್ನಬಹುದಿತ್ತು. ನಾನು ಅಂದದ್ದು, "ಹೊಲದಾಗಿನ ಬಳ್ಳಾರಿ ಜಾಲಿ ಕಡಿಯಾಕ ಬೇಕು."

ಕೆಟ್ಟದ್ದು ಅಲ್ಲೇ. ಅವಳ ತವರು ಬಳ್ಳಾರಿ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾವು ಅತಿ ಜಾಸ್ತಿ ಜಗಳ ಆಡಿದ ವಿಷಯ ದುಡ್ಡಲ್ಲ, ಅತ್ತೆ ಸೊಸೆಯದಲ್ಲ, ಈ ಗಿಡದ ಹೆಸರು. ಅವಳ ವಾದ ಸರಳ. ಗೋಕಾಕಿಗೆ ಕರದಂಟು, ಧಾರವಾಡಕ್ಕೆ ಪೇಡೆ, ಬ್ಯಾಡಗಿಗೆ ಮೆಣಸಿನಕಾಯಿ. ಬಳ್ಳಾರಿಗೆ ಮಾತ್ರ ಮುಳ್ಳು ಯಾಕೆ? ಗಿಡದ ಮೂಲ ಮೆಕ್ಸಿಕೊ ಕಡೆ. ಉರುವಲು ಆಗುತ್ತೆ ಅಂತ ಬ್ರಿಟಿಷರ ಕಾಲದಲ್ಲಿ ತಂದು ಬಿತ್ತಿದ್ದು. ಅದರ ಕಾಯಿ ತಿಂದದ್ದು ಆಡು ದನ, ಬೀಜ ಹಂಚಿದ್ದೂ ಅವೇ. ಇದರಲ್ಲಿ ಬಳ್ಳಾರಿಯವರ ಪಾತ್ರ ಏನು? "ಮೆಕ್ಸಿಕೊ ಜಾಲಿ ಅನ್ರಿ. ಆಡಿನ ಜಾಲಿ ಅನ್ರಿ."

ನಾನು ಸುಮ್ಮನಿರಬೇಕಿತ್ತು. "ಹೆಸರು ಸುಮ್ನೆ ಬರ್ತದೇನು?" ಅಂದೆ. "ನಿಮ್ಮ ಕೊಪ್ಪಳದ ಹೆಸರಿನಾಗ ಏನೈತಿ ಹೇಳ್ರಿ ನೋಡೋಣ" ಅಂದಳು. "ಕಿನ್ನಾಳ ಗೊಂಬೆ." "ಅದು ಕಿನ್ನಾಳದ್ದು." ಕಿನ್ನಾಳ ಕೊಪ್ಪಳ ತಾಲೂಕಿನಲ್ಲೇ ಇದೆ ಅಂದರೆ ಕೇಳುವ ಹೆಣ್ಣಲ್ಲ. ಅಲ್ಲಿಂದ ಮಾತು ಇತಿಹಾಸಕ್ಕೆ ಹೋಯಿತು, ಯಾವಾಗಲೂ ಹೋಗುವ ಹಾಗೆ. ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ನಿಜಾಮನ ಹೈದರಾಬಾದಿನಲ್ಲಿದ್ದ ನಾವು ಬಂದದ್ದು 1956ರ ನವೆಂಬರ್ 1ಕ್ಕೆ. ಅಂದರೆ ಅವಳ ಕಡೆಯವರು ನಮಗಿಂತ ಮೂರು ವರ್ಷ ಸೀನಿಯರ್. ಆಗ ಅವಳೂ ಹುಟ್ಟಿರಲಿಲ್ಲ, ನಾನೂ ಹುಟ್ಟಿರಲಿಲ್ಲ, ಆದರೂ ಸೀನಿಯರ್. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರಲ್ಲಿ. ನನ್ನ ಶಾಲೆಯ ಟಿ.ಸಿ.ಯಲ್ಲಿ ಜಿಲ್ಲೆ ರಾಯಚೂರು ಅಂತಲೇ ಇದೆ. ಅದನ್ನು ಅವಳು ಒಮ್ಮೆ ನೋಡಿಬಿಟ್ಟಿದ್ದಾಳೆ. "ಮೊನ್ನೆ ಮೊನ್ನೆ ಹುಟ್ಟಿದ ಜಿಲ್ಲೆಯವರು ನಮ್ಮ ಊರಿಗೆ ಹೆಸರಿಡಾಕ ಬರ್ತೀರಿ!" ಅಂದು ಒಳಗೆ ಹೋದಳು. ಅವತ್ತು ರಾತ್ರಿ ರೊಟ್ಟಿ ಜರ್ಮನ್ ತಟ್ಟೆಯಲ್ಲೇ ಬಂತು. ಬೇಕಂತಲೇ ಬಂತೋ ಏನೋ.

ಹೀಗಾಗಿ ಮಷಿನ್ ಚಾಲೂ ಮಾಡಲೇಬೇಕಾಯಿತು.

ಲೂನಾ ಮೊಪೆಡ್ ರಿಪೇರಿ ಮಾಡುತ್ತಿದ್ದ ಚಾಚಾ ಒಬ್ಬರಿದ್ದಾರೆ. ಈಗ ಆ ಲೂನಾ ಇಲ್ಲ, ಚಾಚಾ ಇದ್ದಾರೆ. "ಟೂ ಸ್ಟ್ರೋಕ್ ಅಲ್ಲೇನು? ನಮ್ಮ ಲೂನಾದ ತಮ್ಮ" ಅಂತ ಕೂಡಲೇ ಮಡಿಲಿಗೆ ಎಳೆದುಕೊಂಡರು. ಪ್ಲಗ್ ಬಿಚ್ಚಿ ಮಷಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದರು. ಕಿಡಿ ಇಲ್ಲ. ಫ್ಲೈವೀಲ್ ತೆಗೆದರೆ ಒಳಗೆ ಕಿಡಿ ಹುಟ್ಟಿಸುವ ಪಾಯಿಂಟ್ ಕಿಲುಬು ಹಿಡಿದು ಕೂತಿತ್ತು. ಪಾಲಿಶ್ ಪೇಪರ್ ಹಾಕಿ ಉಜ್ಜಿದರು. ಗ್ಯಾಪು 0.4 ಮಿಲಿಮೀಟರ್ ಇರಬೇಕು. ಅಳೆಯುವ ಗೇಜ್ ಇಲ್ಲ. ಚಾಚಾ ಜೇಬಿನಿಂದ ದಾಡಿ ಬ್ಲೇಡು ತೆಗೆದರು, ನಾಲ್ಕನ್ನು ಒಟ್ಟಿಗೆ ಹಿಡಿದು ಸಂದಿಯಲ್ಲಿ ಆಡಿಸಿದರು. ಒಂದು ಬ್ಲೇಡಿನ ದಪ್ಪ 0.1. ನೀಲಿ ಕಿಡಿ ಚಟ್ ಅಂದಿತು. ಆ ಕ್ಷಣದಲ್ಲಿ ನನಗೆ ಬದುಕಿನ ಬಗ್ಗೆ ಒಂದು ದೊಡ್ಡ ವಿಷಯ ಹೊಳೆಯಿತು. ಅಷ್ಟರಲ್ಲಿ ಚಹಾ ಬಂತು.

ಕಾರ್ಬೋರೇಟರ್ ಬಿಚ್ಚಿದಾಗ ಮಾತ್ರ ಚಾಚಾ ಬೇಜಾರಾದರು. "ಫ್ಲೋಟ್ ಎಲ್ಲಿ?" ಪೆಟ್ರೋಲಿನಲ್ಲಿ ತೇಲಿ ಅದರ ಮಟ್ಟ ಕಾಯುವ ತುಣುಕು ಅದು. ಫ್ಲೋಟ್ ಇಲ್ಲ ಚಾಚಾ, ಮಷಿನ್ನನ್ನು ಅಡ್ಡ ಹಿಡಿದರೂ ಓಡಬೇಕಲ್ಲ, ಅದಕ್ಕೆ ಒಳಗೆ ತೆಳ್ಳನೆಯ ರಬ್ಬರ್ ಹಾಳೆ ಇಟ್ಟಿರ್ತಾರೆ, ಅದೇ ಪೆಟ್ರೋಲ್ ಎಳೆಯೋದು ಅಂದೆ. ಆ ಹಾಳೆ ಹಪ್ಪಳದ ಹಾಗೆ ಒಣಗಿ, ಮುಟ್ಟಿದರೆ ಮುರಿಯಿತು. ತಮ್ಮನಲ್ಲ, ದೂರದ ಸಂಬಂಧ ಅಂತ ಚಾಚಾ ಮುಖದಲ್ಲೇ ಗೊತ್ತಾಯಿತು. ಹೊಸ ಹಾಳೆ ಬೆಂಗಳೂರಿನಿಂದ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಕಂಡ ಕಂಡವರೆಲ್ಲ "ಹೊಸಾದ ತಗೋಬಾರದೇನ್ರೀ?" ಅಂದರು. ಇವರು ಯಾರೂ ತಮ್ಮ ಜನ್ಮದಲ್ಲಿ ಮರ ಕಡಿದವರಲ್ಲ. ಮಗನೂ ಹನ್ನೆರಡು ನಿಮಿಷದಲ್ಲಿ ರಿಪೇರಿ ಮಾಡುವ ವಿಡಿಯೊ ತೋರಿಸಿದ. ಮುರಿದ ಸ್ಕ್ರೂ ತೆಗೆಯಲು ಅರ್ಧ ದಿನ ಹೋದದ್ದನ್ನು ಆ ಮಂದಿ ಕತ್ತರಿಸಿ ಎಸೆದಿರುತ್ತಾರೆ. ಬಂಕಿನವನು ಬಾಟಲಿಗೆ ಪೆಟ್ರೋಲ್ ಹಾಕೋದಿಲ್ಲ ಅಂದ. ಬೈಕಿಗೆ ಹಾಕಿಸಿ, ಪೈಪ್ ಕಳಚಿ ಒಂದು ಲೀಟರ್ ಇಳಿಸಿ, 40 ಎಂ.ಎಲ್. ಆಯಿಲ್ ಬೆರೆಸಿದೆ. ಕಾನೂನು ಪಾಲಿಸೋದಕ್ಕೂ ಸ್ಪ್ಯಾನರ್ ಬೇಕು.

ಹೊಲಕ್ಕೆ ಒಬ್ಬನೇ ಹೋದೆ. ಏಳು ಸಲ ಹಗ್ಗ ಎಳೆದೆ, ಕೆಮ್ಮಿತು. ಎಂಟನೆಯದಕ್ಕೆ ಹತ್ತಿಕೊಂಡಿತು. ಬಿಳಿ ಹೊಗೆ, ಹಳೇ ಲೂನಾದ ವಾಸನೆ. ಬದುವಿನ ಮೇಲೆ ಮೂರು ಎಕರೆಗೆ ನೆರಳು ಚೆಲ್ಲಿ ಕೂತಿದ್ದ ಜಾಲಿಯ ಒಂದು ಬೊಡ್ಡೆ, ತೊಡೆ ಗಾತ್ರದ್ದು, ನಾಲ್ಕು ನಿಮಿಷಕ್ಕೆ ಉರುಳಿತು. ಮುಳ್ಳು ಒಂದು ಚಪ್ಪಲಿ ದಾಟಿ ಹಿಮ್ಮಡಿಗೆ ಇಳಿಯಿತು. ಬೊಡ್ಡೆ ಮಳೆ ಬಿದ್ದ ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ, ಅದೂ ಗೊತ್ತು. ಮಷಿನ್ ಆರಿಸಿ, ಕಲ್ಲಿನ ಮೇಲೆ ಕೂತು ಮುಳ್ಳು ಕೀಳುವಾಗ ಫೋನ್ ಬಂತು.

"ಚಾಲೂ ಆತೇನ್ರೀ?"

"ಆತು. ಒಂದು ಗಿಡ ಕೆಡವಿದೆ."

"ಯಾವ ಗಿಡ?"

ಜಾಲಿ ಅಂದೆ.

"ಯಾವ ಜಾಲಿ?"

ಕಾಲಿನಿಂದ ರಕ್ತ ಬರುತ್ತಿತ್ತು. ಮನೆಗೆ ಹೋಗಿ ಅರಿಶಿನ ಹಚ್ಚಿಸಿಕೊಳ್ಳುವುದಿತ್ತು.

"ಕೊಪ್ಪಳ ಜಾಲಿ" ಅಂದೆ.