ಮೀನಿಗೆ ಆರು ವಾರ, ಮನುಷ್ಯರಿಗೆ ನಾಳೆಯೇ ಗೃಹಪ್ರವೇಶ

ಬೆಂಗಳೂರಿನ ಸರ್ಜಾಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಲಾಬಿಗೆ ಸಮುದ್ರ ಬಂದಿದೆ. ಸಮುದ್ರದ ಮೀನು ಸಾಕೋಕೆ ಗಾಜಿನ ಟ್ಯಾಂಕಿನಲ್ಲಿ 600 ಲೀಟರ್ ಸಮುದ್ರ. ಮಂಗಳೂರು ಇಲ್ಲಿಂದ ಸುಮಾರು 350 ಕಿಲೋಮೀಟರ್, ಹಾಗಾಗಿ ಇಲ್ಲೇ ಕಲಸಿಕೊಂಡಿದ್ದಾರೆ. ಟ್ಯಾಂಕರಿನ ಬೋರ್‌ವೆಲ್ ನೀರನ್ನು ಆರ್‌ಒ ಮೆಷಿನ್ನಿಗೆ ಹಾಯಿಸಿ, ಅರ್ಧಕ್ಕಿಂತ ಜಾಸ್ತಿ ಮೋರಿಗೆ ಬಿಟ್ಟು, ಉಳಿದದ್ದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 21 ಕೆಜಿ ಅಕ್ವೇರಿಯಂ ಉಪ್ಪು ಸುರಿದಿದ್ದಾರೆ. 2024ರ ಮಾರ್ಚ್‌ನಲ್ಲಿ ಇದೇ ಊರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಸಮುದ್ರ ಮಾಡಿದರೆ ಎಷ್ಟು ಅಂತ ಹೇಳಿರಲಿಲ್ಲ.

ಟ್ಯಾಂಕಿನಲ್ಲಿ ಲೈಟ್ ಇದೆ, ಕಲ್ಲಿದೆ, ಅಲೆ ಎಬ್ಬಿಸುವ ಪಂಪ್ ಇದೆ. ಮೀನಿಲ್ಲ. ಗಾಜಿನ ಮೇಲೆ ಕಾರ್ಯದರ್ಶಿಗಳ ಸಹಿ ಇರುವ ನೋಟಿಸ್: "ಟ್ಯಾಂಕ್ ಇನ್ನೂ ಸಿದ್ಧವಾಗಿಲ್ಲ, ಮೀನು ಯಾವಾಗ ಅಂತ ಸೆಕ್ಯುರಿಟಿಯವರನ್ನು ಕೇಳಬೇಡಿ."

ಅವರು ಹೇಳೋದು ಸರಿಯೇ, ಸುಮ್ನೆ ಆಡಿಕೊಳ್ಳಬಾರದು. ಮೀನು ಬಿಟ್ಟ ಕ್ಷಣದಿಂದ ಹೊಲಸು ಮಾಡುತ್ತೆ, ಹೊಲಸು ಅಮೋನಿಯಾ ಆಗುತ್ತೆ, ಅಮೋನಿಯಾ ಮೀನನ್ನು ಕೊಲ್ಲುತ್ತೆ. ಅದನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಬೇಕು. ನೈಟ್ರೈಟೂ ವಿಷವೇ, ಅದನ್ನು ನೈಟ್ರೇಟ್ ಮಾಡೋಕೆ ಇನ್ನೊಂದು ಬ್ಯಾಕ್ಟೀರಿಯಾ ಬೇಕು. ಇವೆರಡೂ ಕಲ್ಲಿನ ಸಂದಿಯಲ್ಲಿ ಸಂಸಾರ ಹೂಡೋಕೆ ನಾಲ್ಕರಿಂದ ಆರು ವಾರ. ಅಲ್ಲಿವರೆಗೂ ಅವಕ್ಕೆ ಊಟ ಬೇಕಲ್ಲ, ಒಂದು ಸಿಗಡಿ ತುಂಡು ಹಾಕಿ ಕೊಳೆಯೋಕೆ ಬಿಡೋಣ ಅಂದರು ಅಂಗಡಿಯವರು. ಸಮಿತಿಯ ಸಸ್ಯಾಹಾರಿ ಬಣ ಎದ್ದು ನಿಂತಿತು. ಕೊನೆಗೆ ಬಾಟಲಿ ಅಮೋನಿಯಾಕ್ಕೆ ಒಮ್ಮತ.

ಈಗ ದಿನಾ ಸಂಜೆ ಏಳಕ್ಕೆ ಕಾರ್ಯದರ್ಶಿಗಳು ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಹನಿ ಎಣಿಸಿ ಔಷಧಿ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿ, ಬಣ್ಣದ ಕಾರ್ಡಿನ ಪಕ್ಕ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹಳದಿ ಬಂದರೆ ಅಮೋನಿಯಾ ಸೊನ್ನೆ, ಹಸಿರು ತಿರುಗಿದರೆ ಇನ್ನೂ ಕಾಯಬೇಕು. ಸುತ್ತ ನಾಲ್ಕು ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೂ ಒಂದು ಜೋಡಿ ಕ್ಲೌನ್‌ಫಿಶ್ ಮಾತ್ರ, ಅದೂ ಬೇರೆ ಡಬ್ಬದಲ್ಲಿ ಕೆಲವು ವಾರ ಇಟ್ಟು ರೋಗ ಇಲ್ಲ ಅಂತ ಖಾತ್ರಿ ಆದ ಮೇಲೆ. ಎರಡು ವಾರ ಬಿಟ್ಟು ಮತ್ತೊಂದು ಮೀನು. ಟ್ಯಾಂಗ್ ಅನ್ನೋ ಜಗಳಗಂಟ ಮೀನು ಎಲ್ಲರಿಗಿಂತ ಕೊನೆಗೆ.

ಇಷ್ಟು ವಿವೇಕ ಈ ಊರಲ್ಲಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಏಕೆಂದರೆ ಇದೇ ಕಟ್ಟಡಕ್ಕೆ ಇನ್ನೂ ಓಸಿ, ಅಂದರೆ ಜನ ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟ್, ಬಂದಿಲ್ಲ. ಬಿ ಬ್ಲಾಕ್‌ನಲ್ಲಿ ಲಿಫ್ಟ್ ಸಿಮೆಂಟ್ ಮೂಟೆ ಹೊರುತ್ತಿರುವಾಗಲೇ ಎಂಟನೇ ಮಹಡಿಯಲ್ಲಿ ಹಾಲು ಉಕ್ಕಿಸಿದರು, ಪುರೋಹಿತರು ಮೆಟ್ಟಿಲು ಹತ್ತಿ ಹೋಗಿದ್ದರು ಪಾಪ. ಕಾವೇರಿ ನೀರು ಬ್ರೋಷರಿನಲ್ಲಿದೆ. ಅಲ್ಲಿ ಯಾರೂ ಕೊಳವೆ ಅಲ್ಲಾಡಿಸಿ ನೋಡಲಿಲ್ಲ, ಎರಡು ಮನೆ ಬಿಟ್ಟು ಎರಡು ವಾರ ಕಾಯೋಣ ಅನ್ನಲಿಲ್ಲ, ಜಗಳಗಂಟರನ್ನು ಕೊನೆಗೆ ಬಿಡುವ ಮಾತಂತೂ ಬರಲೇ ಇಲ್ಲ.

ಊರಿಗೆ ಊರೇ ಹೀಗೆ ತುಂಬಿದ್ದಲ್ವಾ? 2007ರಲ್ಲಿ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದರು. ಅವಕ್ಕೆ ನೀರು ಕೊಡುವ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಮೀನು ಬಿಟ್ಟು 17 ವರ್ಷಕ್ಕೆ ನೀರು ತಂದ ಅಕ್ವೇರಿಯಂ ಅಂಗಡಿಯವನಿಗೆ ಯಾರಾದರೂ ಎರಡನೇ ಆರ್ಡರ್ ಕೊಡ್ತಾರಾ? ನಾವು ಮಾತ್ರ ಸಾಲುಗಟ್ಟಿ ಅಡ್ವಾನ್ಸ್ ಕೊಡ್ತೀವಿ.

ಇನ್ನು ಲಾಬಿ ಟ್ಯಾಂಕಿನ ಕೆಳಗೆ ಪ್ರೋಟೀನ್ ಸ್ಕಿಮ್ಮರ್ ಅಂತ ಒಂದು ಯಂತ್ರ ಗುಡುಗುಡು ಅನ್ನುತ್ತಿರುತ್ತೆ. ನೀರಿಗೆ ಗಾಳಿಗುಳ್ಳೆ ಹಾಯಿಸಿ, ಕೊಳೆಯನ್ನೆಲ್ಲ ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುತ್ತೆ. ಬೆಲೆ ಕೇಳಿ ಕೆಲವರು ಕೂತುಬಿಟ್ಟರಂತೆ. ಪಕ್ಕದ ಬೆಳ್ಳಂದೂರು ಕೆರೆಯಲ್ಲಿ ಇದೆಲ್ಲ ಫ್ರೀ. ಊರಿನ ಕೊಳಚೆ, ಡಿಟರ್ಜೆಂಟು ಸೇರಿ ಎದ್ದ ನೊರೆ ರಸ್ತೆವರೆಗೂ ಹಾರಿ ಸ್ಕೂಟರಿನವರ ಮುಖಕ್ಕೆ ಅಂಟಿತ್ತು, 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತ್ತು. 2017ರಲ್ಲಿ, 2018ರಲ್ಲಿ ಕೆರೆಯಂಗಳದಿಂದ ಮತ್ತೆ ಹೊಗೆ ಎದ್ದಿತ್ತು. ನೀರಿಗೆ ಬೆಂಕಿ ಹಚ್ಚೋದನ್ನು ಯಾವ ಅಕ್ವೇರಿಯಂ ಅಂಗಡಿಯವನೂ ಇನ್ನೂ ಕಲಿತಿಲ್ಲ.

ಅಂದಹಾಗೆ, ಲಾಬಿಯಲ್ಲಿ ಇಷ್ಟು ಮುದ್ದು ಮಾಡಿ ಸಾಕುತ್ತಿರುವ ಆ ಬ್ಯಾಕ್ಟೀರಿಯಾದ ದಾಯಾದಿಗಳೇ ಬೇಸ್‌ಮೆಂಟಿನ ಎಸ್‌ಟಿಪಿಯಲ್ಲೂ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲೂ, ಕೆಲಸ ಮಾಡಬೇಕು. ಅಲ್ಲೂ ಅದೇ ಅಮೋನಿಯಾ, ಅದೇ ಕಾಯುವಿಕೆ, ಗಾಳಿ ಊದುವ ಅದೇ ಪಂಪು. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಆ ಪಂಪನ್ನು ರಾತ್ರಿ ಆರಿಸುತ್ತಾರೆ. ಬೆಳಗ್ಗೆ ಕಾರು ತೆಗೆಯೋಕೆ ಹೋದವರು ಕರ್ಚೀಫ್ ಹಿಡಿದುಕೊಂಡೇ ಹೋಗಬೇಕು.

ಹೋದ ತಿಂಗಳ ಮೀಟಿಂಗಿನಲ್ಲಿ ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು ಕೇಳಿದರು: "ಅಲ್ಲಪ್ಪಾ, ಆ ಗಾಜಿನ ಕೊಳವೇನ ಒಂದ್ಸಲ ಕೆಳಗಿನ ನೀರಿಗೂ ಹಿಡಿದು ನೋಡಬಾರದಾ?"

"ಆಗಲ್ಲಮ್ಮಾ," ಅಂದರು ಕಾರ್ಯದರ್ಶಿಗಳು. "ಆ ಕಿಟ್ ತುಂಬಾ ಕಾಸ್ಟ್ಲಿ, ಮೀನಿಗಂತ ತಂದಿರೋದು."